ಹಸಿರು ಹಗಲಾಡಿಯ ಸ್ಮಾರಕ ಭವನ

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ನಗರದ ವಸ್ತುಸಂಗ್ರಹಾಲಯದ ಕೀಟಗಳ ಕೋಣೆಯಲ್ಲಿ ಇಷ್ಟೂ ವರ್ಷ ಹಸಿರಾಗಿದ್ದ ಒಂದು ಪತಂಗವು ಮಂಗಳವಾರ ಮಧ್ಯಾಹ್ನ, ಊಟದ ವಿರಾಮದ ನಂತರ, ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಸದರಿ ಪತಂಗದ ಉದ್ದ ಹೆಬ್ಬೆರಳ ಉಗುರಿಗಿಂತ ಒಂದು ಕೂದಲೆಳೆ ಕಮ್ಮಿ. ಸಾರ್ವಜನಿಕರು ಗಾಬರಿಯಾಗಬೇಕಾಗಿಲ್ಲ. ಅವರೆಲ್ಲರ ಪಾಲಿನ ಗಾಬರಿಯನ್ನೂ ಸೇರಿಸಿಕೊಂಡು ಒಬ್ಬ ಮನುಷ್ಯ ಈಗಾಗಲೇ ಗಾಬರಿಯಾಗಿದ್ದಾನೆ.

ಆ ಮನುಷ್ಯನೇ ಜೀರುಂಡೆ ಮಾಮ. ಸಾಲುಗಟ್ಟಿ ನೋಡಲು ಬರುವ ಶಾಲೆಮಕ್ಕಳು ಇಟ್ಟ ಹೆಸರದು. ಹೆತ್ತವರು ಇಟ್ಟದ್ದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಕೀಟಗಳ ಕೋಣೆಗೆ ಅವನೇ ಒಡೆಯ, ಅವನೇ ಕಾವಲು, ಧೂಳು ಒರೆಸುವವನೂ ಅವನೇ. ಸುತ್ತಲೂ ಚಾವಣಿ ಮುಟ್ಟುವ ಮರದ ಕಪಾಟುಗಳು, ಕಪಾಟಿನ ತುಂಬ ಗಾಜು ಹೊದಿಸಿದ ಖಾನೆಗಳು, ಖಾನೆಯ ತುಂಬ ಜೀರುಂಡೆಗಳು. ಜೀರುಂಡೆ ಎಂದರೆ ಅವನ ಪ್ರಕಾರ ಗಟ್ಟಿ ಸಂಸಾರ. ಕೈಜಾರಿ ಬಿದ್ದರೆ ಟಕ್ ಎನ್ನುತ್ತದೆ, ಎತ್ತಿ ಇಟ್ಟರೆ ಮತ್ತೆ ನೂರು ವರ್ಷ ಕೂರುತ್ತದೆ. ಪತಂಗಗಳ ಸಹವಾಸ ಮಾತ್ರ ಅವನಿಗೆ ಬೇಡವಾಗಿತ್ತು. ಉಸಿರು ಬಿಟ್ಟರೆ ಮೀಸೆ ಮುರಿಯುತ್ತದೆ, ಮುಟ್ಟಿದರೆ ಬಣ್ಣ ಬೆರಳಿಗೆ ಬರುತ್ತದೆ. ಮುನಿಸಿಕೊಂಡ ನೆಂಟರ ಹಾಗೆ, ಏನು ಮಾಡಿದರೂ ತಪ್ಪು. ಆದರೆ ಪತಂಗ ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾದ ಮೇಲೆ ಆ ಕಪಾಟೂ ಇವನ ಕೊರಳಿಗೇ ಬಿದ್ದಿತ್ತು.

ಅದರಲ್ಲೇ ಇದ್ದದ್ದು ಹಸಿರು ಹಗಲಾಡಿ. ಪತಂಗ ಕುಲದಲ್ಲಿ ಹುಟ್ಟಿಯೂ ರಾತ್ರಿಪಾಳಿ ಒಲ್ಲೆನೆಂದು ಹಗಲಲ್ಲೇ, ಅದೂ ಬಿಸಿಲು ಕಾದಿದ್ದರೆ ಮಾತ್ರ ಹಾರುವ ಪುಟ್ಟ ಜೀವ. ರೆಕ್ಕೆಗೆ ಲೋಹದ ಹಸಿರು ಮಿಂಚು, ಹೊಸ ಬಣ್ಣ ಬಳಿದ ಕಾರಿಗೆ ಬಿಸಿಲು ಬಡಿದ ಹಾಗೆ. ಇದೇ ಊರಲ್ಲಿ ಹಿಡಿದದ್ದು, ಊರಿಗೆಲ್ಲ ಇದ್ದದ್ದು ಅದೊಂದೇ. ಜೀವಂತ ಹಗಲಾಡಿಯನ್ನು ಕಂಡವರು ಈಗ ಜೀವಂತ ಇರಲಿಲ್ಲ.

ಈ ಕೊನೆಯ ಮಾತೇ ನಿರ್ದೇಶಕರ ಕಿವಿಗೆ ಅಮೃತವಾಗಿತ್ತು. ಬದುಕಿರುವ ಪ್ರಾಣಿಪಕ್ಷಿಗಳಿಗೆ ಹಿಡಿ ಹುಲ್ಲೂ ಕೊಡದ ಸರಕಾರದಲ್ಲಿ, ಇಲ್ಲವಾದ ಪ್ರಾಣಿಗಳಿಗೆ ಸ್ಮಾರಕ ಕಟ್ಟಿಸಲೆಂದೇ ಒಂದು ಮಂಡಳಿ ಇತ್ತು. ಅದರ ಷರತ್ತು ಒಂದೇ: ಆ ಜೀವಿಯನ್ನು ಐವತ್ತು ವರ್ಷ ಯಾರೂ ಜೀವಂತ ಕಂಡಿರಬಾರದು. ನಿರ್ದೇಶಕರು ಹಗಲಾಡಿಯ ಹೆಸರಲ್ಲಿ ಹಗಲುಗನಸು ಕಾಣತೊಡಗಿದರು. ವಸ್ತುಸಂಗ್ರಹಾಲಯದ ಹಿಂದಿನ ಪಾಳು ಜಾಗದಲ್ಲಿ ಎರಡಂತಸ್ತಿನ ಭವನ, ರೆಕ್ಕೆ ಬಿಚ್ಚಿದ ಆಕಾರದ ಚಾವಣಿ, ನಡುವೆ ಗಾಜಿನ ಕಂಬ, ಕಂಬದೊಳಗೆ ಪತಂಗ.

ಈ ನಿರ್ದೇಶಕರು ಬೇರೆ ಯಾರೂ ಅಲ್ಲ, ಮಾಮನ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಮನೆಯಲ್ಲಿ "ಭಾವ", ಕಚೇರಿಯಲ್ಲಿ "ಸಾರ್", ಹೆದರಿದಾಗ ಎರಡೂ ಒಟ್ಟಿಗೆ. ಕೆಲಸ ಕೊಡಿಸಿದವರು ಅವರೇ ಆದ್ದರಿಂದ ಅದನ್ನು ಕಿತ್ತುಕೊಳ್ಳುವ ಹಕ್ಕೂ ತಮ್ಮದೇ ಎಂದು ತಿಳಿದಿದ್ದರು. ಕೋಣೆಯಲ್ಲಿ ಸೂಜಿ ಚುಚ್ಚುವುದು ಮಾಮನ ಕೆಲಸ, ಮಾತು ಚುಚ್ಚುವುದು ಭಾವನ ಕೆಲಸ.

"ಏನೋ ಇದು?" ಎಂದಿದ್ದರು ಹಿಂದಿನ ವಾರ, ಖಾನೆಗೆ ಮೂಗು ತಾಗಿಸಿ. "ರೆಕ್ಕೆ ಮುಚ್ಕೊಂಡು, ಸಾಹೇಬರ ಮುಂದೆ ಕೈ ಕಟ್ಟಿ ನಿಂತ ಗುಮಾಸ್ತನ ಹಾಗೆ ಕೂತಿದೆ! ಇದಕ್ಕೆ ಭವನ ಕಟ್ಟಿಸೋದಾ? ಮುಂದಿನ ಶುಕ್ರವಾರ ಮಂಡಳಿ ಮೇಡಂ ಬರ್ತಾರೆ. ಅಷ್ಟರಲ್ಲಿ ರೆಕ್ಕೆ ಬಿಚ್ಚಿಸಿಡು."

"ಹಳೇದು ಸಾರ್... ಭಾವ. ಮುಟ್ಟಿದ್ರೆ ಪುಡಿಯಾಗುತ್ತೆ."

"ಪುಡಿಯಾದ್ರೆ ನಿನ್ನ ಜೀರುಂಡೆಗಳು ನೆಲಮಾಳಿಗೆಗೆ, ನೀನು ಟಿಕೆಟ್ ಕಿಂಡಿಗೆ. ಈ ಕೋಣೆ ಕ್ಯಾಂಟೀನಿಗೆ. ನಾನು ಷಡ್ಡಕ ಅಂತ ಸಡಿಲ ಬಿಡೋನಲ್ಲ."

ನೆಲಮಾಳಿಗೆಯ ಗೋಡೆ ಸದಾ ಬೆವರುತ್ತಿತ್ತು. ಅಲ್ಲಿಗಿಳಿದ ಕಡತವೂ ಹಿಂದೆ ಬೂಸಲು ಗಡ್ಡ ಬಿಟ್ಟುಕೊಂಡೇ ಮೇಲೆ ಬಂದಿತ್ತು. ತನ್ನ ಜೀರುಂಡೆಗಳು ಒಂದೊಂದಾಗಿ ಬಿಳಿಬಿಳಿ ಬೂಸಲಿನಲ್ಲಿ ಮುಳುಗುವುದನ್ನು ನೆನೆದು ಮಾಮ ತಲೆಯಾಡಿಸಿ ಒಪ್ಪಿಕೊಂಡ.

ಒಣಗಿ ಬಿರುಸಾದ ಕೀಟವನ್ನು ಮೆತ್ತಗೆ ಮಾಡಲು ಒಂದೇ ದಾರಿ, ತೇವದ ಡಬ್ಬಿ. ತಳದಲ್ಲಿ ಒದ್ದೆ ಮರಳು, ಮೇಲೆ ಜಾಲರಿ, ಜಾಲರಿಯ ಮೇಲೆ ಕೀಟ, ಅದರ ಮೇಲೆ ಬಿಗಿ ಮುಚ್ಚಳ. ಜೀರುಂಡೆಗಳನ್ನು ಹೀಗೆ ಸಾವಿರ ಸಲ ಮೆತ್ತಗೆ ಮಾಡಿದ್ದ. ಹಗಲಾಡಿಯನ್ನೂ ಹಾಗೇ ಇಟ್ಟ. ಮಂಗಳವಾರ ಊಟ ಮುಗಿಸಿ ಬಂದು ಮುಚ್ಚಳ ತೆಗೆದ.

ಒಳಗೆ ಕೂತದ್ದು ತಾಮ್ರದ ಚೂರು.

ಮಾಮ ಕಣ್ಣುಜ್ಜಿಕೊಂಡ. ದೀಪದ ಕೆಳಗೆ ಹಿಡಿದ, ಕಿಟಕಿಯ ಹತ್ತಿರ ಹಿಡಿದ. ಹಸಿರಿನ ಸುಳಿವೇ ಇಲ್ಲ. ಕೆಂಪಗೆ, ತೊಳೆದಿಟ್ಟ ಹಳೆಯ ಬಿಂದಿಗೆಯ ಹಾಗೆ, ಅದು ಅವನನ್ನೇ ನೋಡುತ್ತಿತ್ತು. ಹೊರಗಿನ ಹಜಾರದಲ್ಲಿ ಭಾವನ ಬೂಟಿನ ಸದ್ದು ಕೇಳಿಸಿತು. ಮುಚ್ಚಳ ಟಪ್ಪೆಂದು ಮುಚ್ಚಿದ. ಬೂಟು ದಾಟಿ ಹೋಯಿತು. ಮತ್ತೆ ತೆಗೆದ; ತಾಮ್ರವೇ. ಮತ್ತೆ ಯಾರೋ ಕೆಮ್ಮಿದರು, ಮತ್ತೆ ಮುಚ್ಚಿದ. ಸಂಜೆಯವರೆಗೂ ತೆಗೆಯುವುದು, ನಡುಗುವುದು, ಮುಚ್ಚುವುದು ಇದೇ ನಡೆಯಿತು. ತೆರೆದಿಟ್ಟರೆ ಯಾರಾದರೂ ಕಂಡಾರೆಂಬ ಹೆದರಿಕೆಗೆ ಆ ಮುಚ್ಚಳ ಒಂದು ನಿಮಿಷವೂ ತೆರೆದಿರಲಿಲ್ಲ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಅವನ ಮುಖ ನೋಡಿದಳು. ಊರವರ ಬಟ್ಟೆ ಹೊಲಿಯುತ್ತಿದ್ದಳು. ಅಳತೆ ಪಟ್ಟಿಯಿಲ್ಲದೆ ಗಂಡನ ಅಳತೆ ತೆಗೆಯುವುದೂ ಅವಳಿಗೆ ಬರುತ್ತಿತ್ತು.

"ಯಾಕ್ರೀ, ತಟ್ಟೆ ಮುಂದೆ ಇಟ್ಕೊಂಡು ಅದರ ಜತೆ ಮಾತಾಡ್ತಿದೀರ?"

"ಹಸಿರಾಗಿದ್ದದ್ದು ತಾಮ್ರ ಆಗ್ಬಿಟ್ರೆ ಏನು ಮಾಡ್ಬೇಕು?"

"ತಾಮ್ರ ಹಸಿರಾಗೋದು ಕೇಳಿದ್ದೀನಿ. ಹಸಿರು ತಾಮ್ರ ಆಗಿದೆ ಅಂದ್ರೆ ಅದು ನಿಮ್ಮ ಕೈಗೆ ಸಿಕ್ಕಿರ್ಬೇಕು."

ಮಾಮ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಧ್ವನಿ ಸಣ್ಣದಾಗಿ, ಕೊನೆಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಅಷ್ಟೇನಾ? ಅಕ್ಕನಿಗೆ ಫೋನ್ ಮಾಡ್ತೀನಿ. ಭಾವ ಒಳ್ಳೆ ಮೂಡಲ್ಲಿದ್ದಾಗ ಮೆಲ್ಲಗೆ ಕಿವಿಗೆ ಹಾಕ್ತಾಳೆ."

"ಬೇಡ ಕಣೇ! ನಿಮ್ಮಕ್ಕ ಮೆಲ್ಲಗೆ ಹೇಳಿದ್ದು ಮೂರು ಬೀದಿಗೆ ಕೇಳ್ಸುತ್ತೆ."

"ಹಾಗಾದ್ರೆ ಅಂಥದ್ದೇ ಇನ್ನೊಂದು ತಂದಿಡಿ. ಗಿರಾಕಿ ಕೋಟಿನ ಗುಂಡಿ ಕಳೆದ್ರೆ ನಾನು ಮಾಡೋದು ಹಾಗೇ."

"ಅದು ಗುಂಡಿ ಅಲ್ಲ. ಕುಲವೇ ಅಳಿದ ಪತಂಗ!"

"ಇರ್ಲಿ ಬಿಡಿ. ಗುಂಡಿಗೂ ಪತಂಗಕ್ಕೂ ಇರೋ ವ್ಯತ್ಯಾಸ ಭಾವನಿಗೆ ಗೊತ್ತಾ?"

ಮಾಮನ ಮಹಾಯೋಜನೆ ಹುಟ್ಟಿದ್ದು ಹೀಗೆ, ಗುಂಡಿಯಿಂದ.

ಮಾರನೆಯ ದಿನ ಊಟದ ಹೊತ್ತಿಗೆ ಮಾಮ ಒಂದು ಗಾಜಿನ ಕೊಳವೆ ಜೇಬಿಗಿಳಿಸಿಕೊಂಡು ಹಿಂದಿನ ಪಾಳು ಜಾಗಕ್ಕೆ ಇಳಿದ. ಹಸಿರಾಗಿ ಮಿಂಚುವ ಏನಾದರೂ ಸಾಕು, ನೊಣವಾದರೂ ಸರಿ, ರೆಕ್ಕೆ ಅಂಟಿಸಿ ಪತಂಗ ಮಾಡಬಹುದು ಎಂಬ ಅಂದಾಜು. ಬೆನ್ನ ಹಿಂದೆ ಕಟ್ಟಡದ ಕಿಟಕಿಗಳ ಸಾಲು. ಬಿಸಿಲು ಬಿದ್ದರೆ ಒಳಗಿನ ಜೀವಿಗಳ ಬಣ್ಣ ಮಾಸುತ್ತದೆಂದು ಆ ಕಿಟಕಿಗಳಿಗೆಲ್ಲ ದಪ್ಪ ಪರದೆ. ಆದರೂ ಮೇಲಿನ ಅಂತಸ್ತಿನ ಪರದೆಯ ಹಿಂದೆ ಭಾವ ನಿಂತಿದ್ದಾರೆಂದೇ ಮಾಮನಿಗೆ ಅನ್ನಿಸುತ್ತಿತ್ತು. ಕುತ್ತಿಗೆಯ ಹಿಂಬದಿ ಚುರುಗುಟ್ಟಿದ್ದು ಬಿಸಿಲಿಗೋ ಭಯಕ್ಕೋ ತಿಳಿಯಲಿಲ್ಲ.

ಮೊಣಕಾಲುದ್ದ ಹುಲ್ಲು, ನಡುನಡುವೆ ನೇರಳೆ ಹೂವಿನ ಕಳೆ, ನೆಲಕ್ಕಂಟಿಕೊಂಡ ಹುಳಿ ಎಲೆಯ ಗಿಡ. ಅಷ್ಟರಲ್ಲಿ ಮೋಡ ಮುಚ್ಚಿತು. ಮಾಮ ಒಂದು ಹೂವಿನ ಕಡೆ ಬಗ್ಗಿದ. ಹೂವಿನ ಮೇಲೆ ಯಾರೋ ಹಸಿರು ಲೋಹದ ಮೊಳೆಯೊಂದನ್ನು ಮರೆತು ಹೋದ ಹಾಗಿತ್ತು. ಮೋಡ ಸರಿಯಿತು. ಮೊಳೆ ಮೀಸೆ ಎತ್ತಿತು, ಹಾರಿತು.

ಹಾರಿದ್ದು ಒಂದಲ್ಲ. ಬಿಸಿಲು ಕಾಲೂರಿದ ಕೂಡಲೇ ಹುಲ್ಲಿನೊಳಗಿಂದ ಅಲ್ಲೊಂದು, ಇಲ್ಲೊಂದು, ಬಾಚಣಿಗೆಯಂಥ ಮೀಸೆಯವು, ಸಣ್ಣ ಮೀಸೆಯವು, ಅವಸರವಿಲ್ಲದೆ, ತೂಕಡಿಸುವವರ ಹಾಗೆ ತೇಲುತ್ತ ಎದ್ದವು. ಮೈಮೇಲೆ ಹಸಿರು ಕಿಡಿ. ಮತ್ತೆ ಮೋಡ ಬಂದಾಗ ಒಂದೇ ಸಲಕ್ಕೆ ಹೂವಿಗಿಳಿದು ಅಲ್ಲಾಡದೆ ಕೂತವು.

ಮಾಮ ಮಂಡಿಯೂರಿದ. ಹುಳಿ ಎಲೆಯೊಂದನ್ನು ಬೆಳಕಿಗೆ ಹಿಡಿದ. ಎಲೆಯ ಎರಡು ಚರ್ಮಗಳ ನಡುವೆ, ಲಕೋಟೆಯೊಳಗೆ ಕೂತು ಕಾಗದ ತಿಂದ ಹಾಗೆ, ಮರಿಹುಳು ಮೇದ ಜಾಡು ಪಾರದರ್ಶಕ ಕಿಟಕಿಯಂತೆ ಕಾಣುತ್ತಿತ್ತು. ಬುಡದಲ್ಲಿ ಒಡೆದ ಗೂಡು, ತೆಳ್ಳನೆಯ ಬಿಳಿ ರೇಷ್ಮೆ. ಇಲ್ಲೇ ಮೊಟ್ಟೆ, ಇಲ್ಲೇ ಎಲೆಯೊಳಗಿನ ಬಾಲ್ಯ, ಚಳಿಗೆ ಇಲ್ಲೇ ಮುದುಡಿ ನಿದ್ದೆ, ಬೇಸಿಗೆ ಕಾಲಿಡುವಾಗ ಇಲ್ಲೇ ಹೊಸ ರೆಕ್ಕೆ, ಆಮೇಲೆ ಬಿಸಿಲಿದ್ದಷ್ಟು ಹೊತ್ತು ಹಾರಾಟ, ಎರಡು ಮೂರು ವಾರಕ್ಕೆ ಎಲ್ಲ ಮುಗಿಯಿತು. ಇಡೀ ಸಂಸಾರ ವಸ್ತುಸಂಗ್ರಹಾಲಯದ ಬೆನ್ನಿಗೇ ಅಂಟಿಕೊಂಡಿತ್ತು. ಐವತ್ತು ವರ್ಷದಿಂದ ಯಾರೂ ಕಂಡಿಲ್ಲ ಎಂದರೆ, ಐವತ್ತು ವರ್ಷದಿಂದ ಯಾರೂ ಪರದೆ ಸರಿಸಿಲ್ಲ ಎಂದಷ್ಟೇ ಅರ್ಥ.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಮಾಮ ಮಾತ್ರ ಕೊಲೆ ಕಂಡವನ ಹಾಗೆ ಬೆವರಿದ. ಇವು ಬದುಕಿವೆ ಎಂದು ತಿಳಿದರೆ ಸ್ಮಾರಕವಿಲ್ಲ. ಸ್ಮಾರಕ ಬಂದರೆ ಅದು ಏಳುವುದು ಇದೇ ಹುಲ್ಲಿನ ಮೇಲೆ, ಇವುಗಳ ಎದೆಯ ಮೇಲೆ. ಬಾಯಿ ಬಿಟ್ಟರೆ ತನ್ನ ಕೋಣೆ ಹೋಯಿತು, ಬಿಡದಿದ್ದರೆ ಇವು ಹೋದವು. ಮಾಮ ಬಾಯಿ ಬಿಡಲಿಲ್ಲ. ಕೊಳವೆಯ ಬಾಯಿ ಮಾತ್ರ ಬಿಚ್ಚಿ, ಹೂವಿನ ಮೇಲೆ ಕೂತ ಒಂದಕ್ಕೆ ಕವುಚಿದ. ಅದು ಓಡಲೂ ಇಲ್ಲ. ಅದರ ಆ ನೆಮ್ಮದಿಯೇ ಅವನನ್ನು ಹೆಚ್ಚು ಹೆದರಿಸಿತು.

ಅದು ಯಾಕೆ ಓಡಲಿಲ್ಲ ಎಂಬುದು ಜೀರುಂಡೆಯ ಮನುಷ್ಯನಿಗೆ ಗೊತ್ತಿರಲಿಲ್ಲ. ಹಗಲಾಡಿಯ ಮೈಯೊಳಗೇ ವಿಷ ತಯಾರಾಗುತ್ತಿತ್ತು. ತಿಂದ ಹಕ್ಕಿ ಉಗುಳಿ ಕ್ಷಮೆ ಕೇಳಬೇಕು, ಅಂಥದ್ದು. ಕೀಟಗಳ ಕೋಣೆಯಲ್ಲಿ ಜೀರುಂಡೆಗಳನ್ನು ಕೊಲ್ಲಲು ಇಟ್ಟಿದ್ದ ಸೀಸೆಯ ತಳದಲ್ಲಿದ್ದದ್ದೂ ಅದೇ ಸಯನೈಡ್. ಸೀಸೆಗೆ ಬಿದ್ದ ಹಗಲಾಡಿಗೆ ಅದು ತವರುಮನೆಯ ಗಾಳಿ. ಸ್ವಲ್ಪ ಮಂಕಾಯಿತು, ಕಾಲು ಮಡಚಿತು, ಅಷ್ಟೇ. ಜೀರುಂಡೆಗೆ ಸಾಕಾಗುವಷ್ಟು ಹೊತ್ತು ಕಾದು ಮಾಮ ಅದನ್ನು ಹೊರಗೆ ತೆಗೆದ. ಕುಂಚದ ತುದಿಯಿಂದ ರೆಕ್ಕೆ ಬಿಚ್ಚಿದ, ಬಿಚ್ಚಿಕೊಂಡಿತು. ಇನ್ನು ಸೂಜಿ ಚುಚ್ಚಬೇಕು. ಕೈ ಏಳಲಿಲ್ಲ. ಸ್ವಲ್ಪ ಹೊತ್ತಿನ ಕೆಳಗೆ ಬಿಸಿಲಲ್ಲಿ ತೇಲುತ್ತಿದ್ದದ್ದರ ಎದೆಗೆ ಸೂಜಿಯೇ? ಸಣ್ಣ ಜೀರುಂಡೆಗಳಿಗೆ ಸೂಜಿ ಚುಚ್ಚುವುದಿಲ್ಲ, ರಟ್ಟಿನ ಮೇಲೆ ಗೋಂದಿನ ಒಂದು ಹನಿಗೆ ಹೊಟ್ಟೆ ಒತ್ತಿ ಕೂರಿಸುತ್ತಾರೆ. ಅಭ್ಯಾಸಬಲ. ಹಾಗೇ ಕೂರಿಸಿದ.

ಹಳೆಯದನ್ನು ತೇವದ ಡಬ್ಬಿಯಿಂದ ತೆಗೆದು, ಮುಖ ನೋಡದೆ, ಖಾಲಿ ಬೆಂಕಿಪೊಟ್ಟಣದಲ್ಲಿ ಮಲಗಿಸಿ ಮೇಜಿನ ಖಾನೆಗೆ ತಳ್ಳಿದ.

ಅಷ್ಟರಲ್ಲೇ ಭಾವ ಬಂದರು.

"ಭೇಷ್! ರೆಕ್ಕೆ ಬಿಚ್ಚಿದೆಯಲ್ಲೋ! ನಿನ್ನೆ ಮೊನ್ನೆ ಸತ್ತ ಹಾಗಿದೆ!"

"ಹಾಂ? ಇಲ್ಲ ಸಾರ್ ಭಾವ... ಹಳೇದೇ. ತುಂಬ ಹಳೇದು."

"ಯಾಕೋ ನಡುಗ್ತೀಯ? ಪುಕ್ಕಲ. ಒಳ್ಳೆ ಕೆಲಸ ಮಾಡಿದಾಗಲೂ ಕಳ್ಳನ ಹಾಗೆ ನಿಲ್ತೀಯಲ್ಲ!" ಭಾವ ತಾವೇ ರಟ್ಟನ್ನು ಹೊಸ ಗಾಜಿನ ಪೆಟ್ಟಿಗೆಯೊಳಗಿಟ್ಟು, ಬೀಗ ಜಡಿದು, ಬೀಗದ ಕೈಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು. ಪೆಟ್ಟಿಗೆ ದೊಡ್ಡ ಹಜಾರದ ನಡುವೆ ಹೋಗಿ ಕೂತಿತು, ಮೇಲೆ ಮಖಮಲ್ಲಿನ ಮುಸುಕು.

ಶುಕ್ರವಾರ ಬೆಳಗ್ಗೆ ಮಾಮ ಬೇಗ ಬಂದ. ಹಳೆಯದನ್ನು ಗೌರವದಿಂದ ಎಲ್ಲಾದರೂ ಹೂಳಿಬಿಡೋಣವೆಂದು ಬೆಂಕಿಪೊಟ್ಟಣ ತೆರೆದ.

ಹಸಿರು. ಅಚ್ಚ ಹಸಿರು. ಎಲ್ಲೂ ಒಂದು ಚುಕ್ಕೆ ತಾಮ್ರವಿಲ್ಲ.

ಕುರ್ಚಿ ಹಿಂದಕ್ಕೆ ಜಾರಿತು. ಮಾಮ ನೀರಿನ ಲೋಟಕ್ಕೆ ಬೆರಳದ್ದಿ, ರೆಕ್ಕೆಯ ತುದಿಗೆ ಒಂದೇ ಒಂದು ಹನಿ ತಾಗಿಸಿದ. ತುದಿ ಮೆಲ್ಲಗೆ ಕೆಂಪಾಯಿತು. ಊದಿದ, ಒಣಗಿತು, ಹಸಿರಾಯಿತು. ತೇವಕ್ಕೆ ತಾಮ್ರ, ಒಣಗಿದರೆ ಹಸಿರು. ಇಷ್ಟೇ ಸಮಾಚಾರ. ಮಂಗಳವಾರ ಮುಚ್ಚಳ ತೆರೆದಿಟ್ಟು ಎದ್ದು ಹೋಗಿದ್ದರೆ ಸಂಜೆಗೆ ತಾನೇ ಹಸಿರಾಗುತ್ತಿತ್ತು. ಅದನ್ನು ತಾಮ್ರವಾಗಿಯೇ ಕೂಡಿ ಹಾಕಿದ್ದು ಅವನ ಹೆದರಿಕೆ. ಮಾಮನಿಗೆ ನಗು ಬಂತು. ಆಮೇಲೆ ಹಜಾರದ ಪೆಟ್ಟಿಗೆ ನೆನಪಾಯಿತು. ನಿಜವಾದದ್ದು ಅಂಗೈಯಲ್ಲಿದೆ. ನಕಲಿ, ಅಂದರೆ ಅದೂ ನಿಜವಾದದ್ದೇ, ಬೀಗದೊಳಗಿದೆ. ಬೀಗದ ಕೈ ಭಾವನ ಜೇಬಲ್ಲಿದೆ. ಹೊರಗೆ ಕಾರು ನಿಂತ ಸದ್ದು.

ಬೆಂಕಿಪೊಟ್ಟಣ ಜೇಬಿಗಿಳಿಸಿ ಹಜಾರಕ್ಕೆ ಓಡಿದ.

ಮಂಡಳಿಯ ಮೇಡಂ ಕುಳ್ಳಗೆ, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡು, ಆತುರವಿಲ್ಲದ ಹೆಂಗಸು. ಇಲ್ಲವಾದ ಜೀವಿಗಳ ನಡುವೆಯೇ ಬದುಕಿ ಬದುಕಿ ಅವರ ಮಾತೂ ಸಂತಾಪ ಸೂಚಿಸುವ ಧಾಟಿಗೆ ಹೊಂದಿಕೊಂಡಿತ್ತು.

"ಹೋಗ್ಬಿಟ್ಟಿತಲ್ಲ, ಪಾಪ," ಎಂದರು, ಮುಸುಕಿನ ಮುಂದೆ ನಿಂತು.

"ಹೌದು ಮೇಡಂ. ತುಂಬಲಾರದ ನಷ್ಟ," ಎಂದರು ಭಾವ, ಭವನದ ನಕ್ಷೆ ಬಿಚ್ಚುತ್ತ. ಇಪ್ಪತ್ತು ಜನ ನೌಕರರು ಕೈ ಕಟ್ಟಿ ನಿಂತಿದ್ದರು. ಮುಸುಕು ಸರಿಯಿತು. ಭಾವ ಗೋಡೆಯ ಗುಂಡಿ ಒತ್ತಿದರು. ಪೆಟ್ಟಿಗೆಯ ಮೇಲಿನ ದೊಡ್ಡ ದೀಪ ಝಗ್ಗನೆ ಹತ್ತಿತು, ಹಳದಿ, ಬೆಚ್ಚಗೆ, ಥೇಟು ಮಧ್ಯಾಹ್ನ.

ಮಾಮ ಪೆಟ್ಟಿಗೆಯ ಕಡೆ ನೋಡಿದ. ಬಿಚ್ಚಿಟ್ಟಿದ್ದ ರೆಕ್ಕೆ ಮುಚ್ಚಿಕೊಂಡಿತ್ತು.

ಸತ್ತವರು ಕೈ ಬಿಚ್ಚುವುದಿಲ್ಲ, ಕಟ್ಟುವುದೂ ಇಲ್ಲ.

"ರೆಕ್ಕೆ ಯಾರು ಮುಚ್ಚಿದ್ದು?" ಭಾವ ಹಲ್ಲಿನ ಸಂದಿಯಿಂದ ಕೇಳಿದರು.

"ಸಾರ್, ದೀಪ... ಭಾವ, ದೀಪ ಆರಿಸಿ. ಕಾಲಿಗೆ ಬೀಳ್ತೀನಿ."

"ಕಾಲಿಗೆ ಆಮೇಲೆ ಬೀಳು, ಈಗ ಸುಮ್ನೆ ನಿಂತ್ಕೋ."

ಸುಮ್ಮನೆ ನಿಂತ. ಬೇರೆ ಏನೂ ಮಾಡಲಾಗಲಿಲ್ಲ. ಬೆಳಕು ಪತಂಗದ ಬೆನ್ನಿನ ಮೇಲೆ ಬಿಸಿಯಾಗುತ್ತಿತ್ತು, ಅದು ಅವನಿಗೆ ತನ್ನ ಬೆನ್ನಿನ ಮೇಲೇ ತಾಗುತ್ತಿತ್ತು. ಒಂದು ಮೀಸೆ ಎದ್ದಿತು. ಆಮೇಲೆ ಇನ್ನೊಂದು. ಮೊದಲ ಕಾಲು ಗೋಂದಿನಿಂದಾಚೆಗೆ ಇಷ್ಟಿಷ್ಟೇ ತಡಕಿತು, ಕತ್ತಲೆಯಲ್ಲಿ ಚಪ್ಪಲಿ ಹುಡುಕುವ ಹಾಗೆ.

ಮೇಡಂ ಕನ್ನಡಕ ಏರಿಸಿದರು. "ಅಲ್ಲಾಡ್ತಿದೆ."

"ಎಸಿ ಗಾಳಿ ಮೇಡಂ."

"ಡಬ್ಬಿ ಒಳಗೂ ಎಸಿ ಹಾಕ್ಸಿದೀರಾ?"

"ಗಾಜಿನ ಮೇಲೆ ಬೆಳಕಿನ ಆಟ ಮೇಡಂ. ಕಣ್ಣಿಗೆ ಹಾಗನ್ಸುತ್ತೆ."

"ಹಾಗಾದ್ರೆ ಗಾಜು ತೆಗೀರಿ. ಹತ್ತಿರದಿಂದ ನೋಡ್ತೀನಿ."

"ಬೇಡ!" ಎಂದ ಮಾಮ. ಹಜಾರವೆಲ್ಲ ಅವನ ಕಡೆ ತಿರುಗಿತು. ಇಷ್ಟು ವರ್ಷದ ನೌಕರಿಯಲ್ಲಿ ಅವನು ಜೋರಾಗಿ ಆಡಿದ ಮೊದಲ ಮಾತದು. "ಅಂದ್ರೆ... ಧೂಳು, ಮೇಡಂ."

ಭಾವ ಅವನನ್ನು ಸುಡುವ ಹಾಗೆ ನೋಡಿ ಬೀಗ ತೆಗೆದರು, ಗಾಜಿನ ಮುಚ್ಚಳ ಎತ್ತಿದರು.

ಹಗಲಾಡಿ ಒಮ್ಮೆ ಮೈ ಜಗ್ಗಿತು, ಇನ್ನೊಮ್ಮೆ ಜಗ್ಗಿತು. ಒಣ ಗೋಂದು ಚಟ್ಟೆಂದದ್ದು ಮಾಮನೊಬ್ಬನಿಗೇ ಕೇಳಿಸಿರಬೇಕು. ರಟ್ಟಿನ ಮೇಲೆ ಹೊಟ್ಟೆಯ ಪುಡಿಯ ಒಂದು ಮಿಂಚು ಉಳಿಯಿತು. ಪತಂಗ ದೀಪದ ಬೆಳಕಿನಲ್ಲಿ ತೂಕಡಿಸುತ್ತ ಮೇಲೆದ್ದು, ಭವನದ ನಕ್ಷೆಯ ಮೇಲೊಂದು ಸುತ್ತು ಹೊಡೆದು, ಮೇಡಂ ಕನ್ನಡಕದ ಎಡಗಾಜಿನ ಮೇಲೆ ಕೂತಿತು.

ಮೇಡಂ ಒಂದು ಕಣ್ಣಲ್ಲಿ ಪತಂಗವನ್ನೂ ಇನ್ನೊಂದರಲ್ಲಿ ಭಾವನನ್ನೂ ನೋಡಿದರು.

"ನಿರ್ದೇಶಕರೇ, ತುಂಬಲಾರದ ನಷ್ಟ ನನ್ನ ಮೂಗಿನ ಹತ್ರ ಕೂತಿದೆ."

"ಇದು ಅದಲ್ಲ ಮೇಡಂ! ಸತ್ತದ್ದು ಬೇರೆ ಇದೆ. ಲೋ, ಸತ್ತದ್ದು ಎಲ್ಲೋ?"

ಮಾಮ ಬೆಂಕಿಪೊಟ್ಟಣ ಚಾಚಿದ. ಕೈ ಎಷ್ಟು ನಡುಗುತ್ತಿತ್ತೆಂದರೆ ಒಳಗಿನದೂ ಬದುಕಿದ ಹಾಗೆ ಕುಣಿಯುತ್ತಿತ್ತು.

"ನೋಡಿ ಮೇಡಂ," ಭಾವ ಅದನ್ನು ಕಿತ್ತುಕೊಂಡರು, "ಪೂರ್ತಿ ಸತ್ತದ್ದು! ನಾನು ಗ್ಯಾರಂಟಿ!"

"ಒಂದು ಸತ್ರೆ ಸಾಲದು ಸ್ವಾಮಿ. ಕುಲವೇ ಸತ್ತಿರ್ಬೇಕು." ಮೇಡಂ ತಲೆ ಅಲ್ಲಾಡಿಸದೆ ಮಾಮನತ್ತ ಕಣ್ಣು ಹೊರಳಿಸಿದರು. "ಇದು ಎಲ್ಲಿಂದ ಬಂತು?"

ಭಾವನ ಬೂಟು ಮಾಮನ ಪಾದದ ಮೇಲೆ ಬಂದು ಭಾರ ಬಿಟ್ಟಿತು. ಆ ಭಾರದ ಅರ್ಥ ಅವನಿಗೆ ಗೊತ್ತಿತ್ತು: ನೆಲಮಾಳಿಗೆ, ಬೂಸಲು, ಟಿಕೆಟ್ ಕಿಂಡಿ. ಎಲ್ಲೋ ಸಿಕ್ಕಿತು ಎಂದರೆ ಸಾಕು, ಯಾರೋ ತಂದುಕೊಟ್ಟರು ಎಂದರೆ ಸಾಕು. ಬಾಯಿ ತೆರೆದ. ಹೊರಗೆ ಮೋಡ ಸರಿದಿರಬೇಕು. ದಪ್ಪ ಪರದೆಯ ಅಂಚಿನಲ್ಲಿ ಬಿಸಿಲಿನ ಗೆರೆ ಎದ್ದಿತು. ಮಾಮ ಪಾದ ಎಳೆದುಕೊಂಡು, ಕಿಟಕಿಯವರೆಗೆ ಕುಂಟಿಕೊಂಡು ಹೋಗಿ, ಪರದೆ ಸರಿಸಿದ.

ಹುಲ್ಲಿನ ಮೇಲೆ ಕಿಡಿಗಳು ಏಳುತ್ತಿದ್ದವು.

"ಇದೇ ಜಾಗದಲ್ಲಿ ತಾನೇ ನಿಮ್ಮ ಭವನ?" ಮೇಡಂ ಕೇಳಿದರು.

"ಇನ್ನೂ ಅಡಿಪಾಯ ಹಾಕಿಲ್ಲ ಮೇಡಂ..."

"ಹಾಕ್ಬೇಡಿ. ಒಂದು ಗುದ್ದಲಿ ಇಳಿದ್ರೂ ಕೇಸು."

"ಹಾಗಾದ್ರೆ ಬದುಕಿರೋ ಪತಂಗಕ್ಕೇ ಭವನ ಕಟ್ಟೋಣ! ಬೇರೆ ಕಡೆ!"

"ಬದುಕಿರೋದಕ್ಕೆ ನಮ್ಮಲ್ಲಿ ಯೋಜನೆ ಇಲ್ಲವಲ್ಲ," ಎಂದರು ಮೇಡಂ, ನಿಜವಾದ ವಿಷಾದದಿಂದ.

ಭಾವ ಮಾಮನ ಕಡೆ ತಿರುಗಿದರು. ಧ್ವನಿ ಬಹಳ ತಣ್ಣಗಿತ್ತು. "ನಾಳೆಯಿಂದ ನೀನು ಟಿಕೆಟ್..."

"ಅವರು ಎಲ್ಲಿಗೂ ಹೋಗೋ ಹಾಗಿಲ್ಲ," ಮೇಡಂ ತಡೆದರು. "ಮೊದಲು ಕಂಡವರು ಅವರೇ ತಾನೇ? ಪ್ರತಿ ಬೇಸಿಗೆಗೂ ಇವು ಬಂದ್ವೋ ಇಲ್ವೋ ಅಂತ ನೋಡಿ ಹೇಳೋ ಜವಾಬ್ದಾರಿ ಕಂಡವರದ್ದೇ. ಆ ಜಾಗ ಕಾಣೋ ಕೋಣೆಯಲ್ಲೇ ಅವರು ಕೂತಿರ್ಬೇಕು. ಮಂಡಳಿ ನಿಯಮ."

ಮಾಮ ಕಿಟಕಿಯ ಚೌಕಟ್ಟು ಹಿಡಿದುಕೊಂಡ. ಜೀರುಂಡೆಗಳು ಉಳಿದವು ಎಂಬ ಸಮಾಧಾನ ಇನ್ನೂ ಎದೆಗೆ ಇಳಿದಿರಲಿಲ್ಲ, ಅಷ್ಟರಲ್ಲೇ ಹೊಸ ಹೆದರಿಕೆ ಅದರ ಜಾಗದಲ್ಲಿ ಕೂತಾಗಿತ್ತು. ಮುಂದಿನ ಬೇಸಿಗೆ ಇವು ಬಾರದಿದ್ದರೆ? ಆ ಹುಳಿ ಎಲೆಯೊಳಗಿನ ಹುಳ ಚಳಿ ದಾಟದಿದ್ದರೆ? ಇಷ್ಟು ದಿನ ತನಗೋಸ್ಕರ ಹೆದರುತ್ತಿದ್ದ. ಈಗ ಉಗುರಿಗಿಂತ ಸಣ್ಣದೊಂದಕ್ಕೋಸ್ಕರ ಹೆದರಬೇಕು, ಅದು ಇನ್ನೂ ಕಷ್ಟ.

ಭಾವ ಮಾತ್ರ ಸೋಲುವವರಲ್ಲ. ಕಿಟಕಿಗೆ ಬಂದು, ಕೈ ಹಿಂದೆ ಕಟ್ಟಿ, ಹುಲ್ಲನ್ನು ದಿಟ್ಟಿಸಿದರು. ಮುಖದಲ್ಲಿ ಮೆಲ್ಲಗೆ ಆಸೆ ಮೂಡಿತು.

"ಲೋ, ಇವು ಎಷ್ಟು ದಿನ ಬದುಕ್ತವೆ?"

"ಎರಡು ಮೂರು ವಾರ, ಭಾವ."

"ಅಷ್ಟೇನಾ!" ಭಾವ ಹಿಗ್ಗಿ ಮೇಡಂ ಕಡೆ ತಿರುಗಿದರು. "ಕೇಳಿದ್ರಾ ಮೇಡಂ? ಬರೀ ಮೂರು ವಾರ. ಅಕಸ್ಮಾತ್ತಾಗಿ ಮುಂದಿನ ವರ್ಷ ಬರಲೇ ಇಲ್ಲ ಅಂತಿಟ್ಕೊಳ್ಳಿ. ಆಗ ನಮ್ಮ ಅರ್ಜಿ ಮತ್ತೆ ಊರ್ಜಿತ ತಾನೇ?"

ಮೇಡಂ ಕನ್ನಡಕವನ್ನು ಜೋಪಾನವಾಗಿ ಕಿಟಕಿಯಾಚೆ ಚಾಚಿದರು. ಪತಂಗ ಹಾರಿಹೋಯಿತು. ಗಾಜು ಒರೆಸಿಕೊಂಡು, ಮತ್ತೆ ಮೂಗಿಗೇರಿಸಿ, ಸಂತಾಪ ಸೂಚಿಸುವ ಧ್ವನಿಯಲ್ಲಿ ಹೇಳಿದರು:

"ಖಂಡಿತ ಊರ್ಜಿತ. ಕೊನೇದಾಗಿ ಕಂಡ ದಿನದಿಂದ ಐವತ್ತು ವರ್ಷ ಕಳೆದ ಮೇಲೆ. ಅರ್ಜಿಗೆ ನಿರ್ದೇಶಕರೇ ಖುದ್ದಾಗಿ ಬಂದು ಸಹಿ ಹಾಕ್ಬೇಕು."